ಡಿಜೆಯ ವಾದನಸಾಮಗ್ರಿ: ವಿನೈಲ್ ತಟ್ಟೆ ಮತ್ತು ಡಿಜಿಟಲ್ ಕಡತ

ಬೇರೆಯವರು ಹಾಡಿ ನುಡಿಸಿ ಮುದ್ರಿಸಿಟ್ಟ ಸಂಗೀತವನ್ನು ತನ್ನ ಆಯ್ಕೆಗೂ ಹಸ್ತಕೌಶಲಕ್ಕೂ ಅಧೀನಪಡಿಸಿಕೊಂಡು, ನರ್ತಿಸಲು ನೆರೆದ ಜನರೆದುರಿಗೆ ಒಂದು ಹಾಡಿನ ಕೊನೆಯನ್ನು ಇನ್ನೊಂದರ ಮೊದಲಿಗೆ ಹೆಣೆಯುತ್ತ, ರಾತ್ರಿಯೆಲ್ಲ ಕಡಿಯದ ನಾದಪ್ರವಾಹವನ್ನು ನಡೆಸತಕ್ಕ ಕಲಾವಿದನಿಗೆ ಡಿಸ್ಕ್ ಜಾಕಿ, ಸಂಕ್ಷೇಪವಾಗಿ ಡಿಜೆ, ಎಂದು ಹೆಸರು. ಆ ಹೆಸರಿನಲ್ಲಿರುವ ಡಿಸ್ಕ್ ಎಂದರೆ ಗ್ರಾಮಫೋನಿನ ತಟ್ಟೆ. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಈ ಕಲೆಗೆ ತಟ್ಟೆಯೇ ಮುಖ್ಯ ಆಧಾರವಾಗಿದ್ದು, ಅನಂತರ ಸಿಡಿ, ಲ್ಯಾಪ್‌ಟಾಪ್, ಪೆನ್‌ಡ್ರೈವ್‌ಗಳು ಒಂದರ ಹಿಂದೊಂದರಂತೆ ಬಂದು ಅದರ ಸ್ಥಾನವನ್ನು ಆಕ್ರಮಿಸಿದುವು. ಆದರೂ ತಟ್ಟೆ ಅಳಿಯಲಿಲ್ಲ. ಕನ್ನಡನಾಡಿನಲ್ಲಿ ಈಚೆಗೆ ಗಣೇಶನ ವಿಸರ್ಜನೆಯ ಮೆರವಣಿಗೆಯಲ್ಲಿಯೂ ಮದುವೆಯ ದಿಬ್ಬಣದಲ್ಲಿಯೂ ವಾಹನದ ಮೇಲೆ ಹೇರಿ ತರುವ ಧ್ವನಿವರ್ಧಕಗಳ ರಾಶಿಗೇ ಡಿಜೆ ಎಂದು ಹೇಳುವ ವಾಡಿಕೆ ಬಿದ್ದಿದೆ. ಪ್ರಕೃತ ಲೇಖನದಲ್ಲಿ ಆ ಶಬ್ದವು ಯಂತ್ರವನ್ನಲ್ಲ, ಮನುಷ್ಯನನ್ನು ಸೂಚಿಸುತ್ತದೆ.

ವಿನೈಲ್ ತಟ್ಟೆಯನ್ನು ಆಯ್ದುಕೊಳ್ಳಬೇಕೋ ಡಿಜಿಟಲ್ ಕಡತವನ್ನೋ ಎಂಬ ವಿವಾದ ಈ ಕಲಾವಿದರ ವಲಯದಲ್ಲಿ ಸುಮಾರು ಕಾಲು ಶತಮಾನದಿಂದ ನಡೆದುಬಂದಿದೆ. ವಾದಿಸುವವರು ಇದನ್ನು ಒಂದೇ ಪ್ರಶ್ನೆಯೆಂದು ಭಾವಿಸುವುದುಂಟು. ಪರ್ಯಾಲೋಚಿಸಿದರೆ ಕಿವಿಗೆ ಸಂಬಂಧಿಸಿದ್ದು, ಕೈಗೆ ಸಂಬಂಧಿಸಿದ್ದು, ಸಂಗ್ರಹಕ್ಕೂ ಸ್ಮರಣೆಗೂ ಸಂಬಂಧಿಸಿದ್ದು ಎಂದು ಭಿನ್ನಭಿನ್ನವಾದ ಪ್ರಶ್ನೆಗಳು ಇದರಲ್ಲಿ ಒಂದಕ್ಕೊಂದು ತೊಡರಿಕೊಂಡಿರುವುದು ಕಾಣುತ್ತದೆ. ಇವುಗಳಲ್ಲಿ ಅತ್ಯಂತ ಹೆಚ್ಚು ಚರ್ಚೆಗೆ ಗುರಿಯಾದದ್ದು ಕಿವಿಯ ಪ್ರಶ್ನೆ. ಅತ್ಯಂತ ದುರ್ಬಲವಾದ ನೆಲೆಯ ಮೇಲೆ ನಿಂತಿರುವುದೂ ಅದೇ.

ಎಮಿಲ್ ಬರ್ಲಿನರನು 1887ರಲ್ಲಿ ಪೇಟೆಂಟ್ ಪಡೆದ ಗ್ರಾಮಫೋನಿನಿಂದ ತಟ್ಟೆಯ ಚರಿತ್ರೆ ಮೊದಲಾಗುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಆ ಹಳೆಯ ತಟ್ಟೆಗಳನ್ನು ಅರಗಿನಿಂದ ತೆಗೆದ ಶೆಲ್ಯಾಕಿಗೆ ಕಲ್ಲಿನ ಪುಡಿ ಬೆರೆಸಿ ಅಚ್ಚೊತ್ತುತ್ತಿದ್ದರು. ಆ ಅರಗಿನ ಬಹುಭಾಗ ಹೋಗುತ್ತಿದ್ದುದು ಭಾರತದ ಕಾಡುಗಳಿಂದಲೇ ಆದುದರಿಂದ, ನ್ಯೂಯಾರ್ಕಿನಲ್ಲಿ ಮೊಳಗಿದ ಹಾಡೂ ನಮ್ಮ ಕಾಡುಗಳ ಅರಗಿನ ಮೇಲೆಯೇ ಬರೆಯಲ್ಪಟ್ಟಿತ್ತೆಂದರೆ ತಪ್ಪಾಗಲಾರದು. ಕೈತಪ್ಪಿದರೆ ಬಳೆಯಂತೆ ಒಡೆಯುವ, ಒಂದು ಮುಖದಲ್ಲಿ ಮೂರು ನಾಲ್ಕು ನಿಮಿಷಗಳಷ್ಟೇ ಹಿಡಿಯುವ ಆ ತಟ್ಟೆಗೆ ಬದಲಾಗಿ 1948ರಲ್ಲಿ ಕೊಲಂಬಿಯಾ ಸಂಸ್ಥೆ ವಿನೈಲ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡಿದ, ನಿಮಿಷಕ್ಕೆ 33⅓ ಸುತ್ತಿನ ದೀರ್ಘಾವಧಿಯ ತಟ್ಟೆಯನ್ನೂ, ಮರುವರ್ಷವೇ ಆರ್‌ಸಿಎ ವಿಕ್ಟರ್ ಸಂಸ್ಥೆ 45 ಸುತ್ತಿನ ಕಿರುತಟ್ಟೆಯನ್ನೂ ಹೊರತಂದುವು.

ಕೇಳುವ ವಸ್ತುವಾಗಿದ್ದ ಈ ತಟ್ಟೆ ನುಡಿಸುವ ವಾದ್ಯವಾಗಿ ಮಾರ್ಪಟ್ಟದ್ದು ಸಂಗೀತಶಾಲೆಗಳಲ್ಲಲ್ಲ, ಬಡವರೂ ಬಹಿಷ್ಕೃತರೂ ಸೇರುತ್ತಿದ್ದ ನೃತ್ಯಕೂಟಗಳಲ್ಲಿ. ಜಮೈಕಾ ದ್ವೀಪದ ಕಿಂಗ್‌ಸ್ಟನ್ನಿನಲ್ಲಿ 1950ರ ದಶಕದಲ್ಲಿಯೇ ಬೀದಿಯ ಬಯಲಿನಲ್ಲಿ ಭಾರಿ ಧ್ವನಿವರ್ಧಕಗಳನ್ನು ನಿಲ್ಲಿಸಿ ತಟ್ಟೆ ಹಾಕುವ ಸೌಂಡ್ ಸಿಸ್ಟಮ್ ಪದ್ಧತಿ ಬೆಳೆದಿತ್ತು. ನ್ಯೂಯಾರ್ಕಿನಲ್ಲಿ 1970ರ ಆಸುಪಾಸಿನಲ್ಲಿ ಫ್ರಾನ್ಸಿಸ್ ಗ್ರಾಸೊ ಎರಡು ತಟ್ಟೆಗಳ ತಾಳವನ್ನು ಒಂದಕ್ಕೊಂದು ಕೂಡಿಸುವ ರೀತಿಯನ್ನು ರೂಢಿಗೆ ತಂದನು. ಡೇವಿಡ್ ಮಾನ್‌ಕೂಸೊ 1970ರಿಂದ ತನ್ನ ಮನೆಯಲ್ಲೇ ನಡೆಸಿದ, ಲಾಫ್ಟ್ ಎಂದು ಪ್ರಸಿದ್ಧವಾದ ಕೂಟಗಳಲ್ಲಿ ಇಡೀ ರಾತ್ರಿಯನ್ನು ಒಂದು ಕಥನದಂತೆ ಕಟ್ಟುವ ಕ್ರಮವನ್ನು ತೋರಿಸಿದನು. 1973ರ ಆಗಸ್ಟ್ 11ರಂದು ಬ್ರಾಂಕ್ಸ್ ಭಾಗದ ಸೆಜ್‌ವಿಕ್ ಅವೆನ್ಯೂವಿನ 1520ನೆಯ ಸಂಖ್ಯೆಯ ಕಟ್ಟಡದಲ್ಲಿ ಜಮೈಕಾದಿಂದ ವಲಸೆ ಬಂದ ಕೂಲ್ ಹರ್ಕ್ ನಡೆಸಿದ ಕೂಟವನ್ನು ಹಿಪ್‌ಹಾಪ್ ಸಂಗೀತದ ಜನ್ಮದಿನವೆಂದು ಎಣಿಸುವುದು ಸಂಪ್ರದಾಯ. ಹಾಡಿನಲ್ಲಿ ಗಾಯನ ನಿಂತು ಚರ್ಮವಾದ್ಯಗಳಷ್ಟೇ ಮೊರೆಯುವ ಭಾಗಕ್ಕೆ ಬ್ರೇಕ್ ಎಂದು ಹೆಸರು; ಅಲ್ಲಿ ಕುಣಿಯುವವರಿಗೆ ಆವೇಶ ಬರುತ್ತದೆಂಬುದನ್ನು ಕಂಡುಕೊಂಡ ಆತನು ಆ ಭಾಗಗಳನ್ನೇ ಮರಳಿ ಮರಳಿ ಹಾಕಿ ಹಿಗ್ಗಿಸಿದನು. ಅವನ ಹಿಂದೆ ಬಂದ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್, ಬ್ರೇಕ್ ಆರಂಭವಾಗುವ ಸ್ಥಳವನ್ನು ತಟ್ಟೆಯ ಮೇಲೆ ಬಣ್ಣದ ಕಡ್ಡಿಯಿಂದ ಗುರುತಿಟ್ಟು, ಆ ಗುರುತು ಗಡಿಯಾರದ ಮುಳ್ಳಿನಂತೆ ಎಷ್ಟು ಸುತ್ತು ಹಿಂದಕ್ಕೆ ಬರಬೇಕೆಂದು ಲೆಕ್ಕವಿಟ್ಟು, ಎರಡು ಪ್ರತಿಗಳನ್ನು ಪರ್ಯಾಯವಾಗಿ ನುಡಿಸಿ ಒಂದು ಬ್ರೇಕನ್ನು ಕೂದಲೆಳೆಯಷ್ಟೂ ತಪ್ಪದೆ ಅನಂತವಾಗಿಸಿದನು. ತಟ್ಟೆಯನ್ನು, ಅದರಲ್ಲಿ ಕೊರೆದ ಸುರುಳಿಗೆರೆಯಿಂದ ನಾದವನ್ನು ಓದುವ ಮುಳ್ಳಿನ ಕೆಳಗೆ, ಹಿಂದುಮುಂದಾಗಿ ಉಜ್ಜಿ ಹೊಸ ನಾದವನ್ನೇ ಹುಟ್ಟಿಸುವ ಸ್ಕ್ರ್ಯಾಚ್ ಎಂಬ ತಂತ್ರ ಗ್ರ್ಯಾಂಡ್ ವಿಜರ್ಡ್ ಥಿಯೊಡೋರನದೆಂದು ಪ್ರಸಿದ್ಧಿ.

ತಟ್ಟೆಯ ಮುಂದೆ ನಿಂತವನ ಕೈಗೆಲಸವನ್ನು ಇಲ್ಲಿ ಸ್ವಲ್ಪ ಹತ್ತಿರದಿಂದ ನೋಡಬೇಕು. ತಿರುಗುವ ಪೀಠದ ಮೇಲೆ ಫೆಲ್ಟ್ ಬಟ್ಟೆಯ ತೆಳುವಾದ ಹಾಸೊಂದಿರುತ್ತದೆ. ಡಿಜೆ ತಟ್ಟೆಯ ಅಂಚನ್ನು ಎರಡು ಬೆರಳುಗಳಿಂದ ಒತ್ತಿ ಹಿಡಿಯುತ್ತಾನೆ. ಕೆಳಗೆ ಪೀಠವೂ ಮೋಟಾರೂ ತಿರುಗುತ್ತಲೇ ಇರುತ್ತವೆ, ಮೇಲೆ ತಟ್ಟೆ ಮಾತ್ರ ನಿಶ್ಚಲ. ಒಂದು ಕಿವಿಗೆ ಹೆಡ್‌ಫೋನು, ಇನ್ನೊಂದು ಕಿವಿ ಸಭೆಗೆ. ಹೆಡ್‌ಫೋನಿನಲ್ಲಿ ಮೊದಲ ಪೆಟ್ಟನ್ನು ಹುಡುಕಿ, ತಟ್ಟೆಯನ್ನು ಅಂಗುಲದಷ್ಟು ಹಿಂದೆಳೆದು, ಸಭೆಯಲ್ಲಿ ಮೊಳಗುತ್ತಿರುವ ಹಾಡಿನ ಆವರ್ತ ಸಮಕ್ಕೆ ಬಂದ ಕ್ಷಣದಲ್ಲಿ ಬೆರಳನ್ನು ಬಿಡುತ್ತಾನೆ. ಹಾಸಿನ ಮೇಲೆ ಜಾರುತ್ತಿದ್ದ ತಟ್ಟೆ ಆ ಕ್ಷಣವೇ ಪೀಠದ ವೇಗವನ್ನು ಹಿಡಿಯುತ್ತದೆ. ಇನ್ನೂ ಸೂಕ್ಷ್ಮವಾದ ಒಂದು ಸಂಗತಿಯುಂಟು. ತಟ್ಟೆಯನ್ನು ದೀಪಕ್ಕೆ ಒಡ್ಡಿದರೆ ಅಬ್ಬರದ ಭಾಗಗಳಲ್ಲಿ ಗೆರೆಗಳು ಒರಟಾಗಿ ಹೊಳೆಯುತ್ತವೆ, ವಿರಳವಾದ ಭಾಗಗಳು ಕಪ್ಪಗೆ ನಯವಾಗಿ ಕಾಣುತ್ತವೆ. ಆದಕಾರಣ ಅನುಭವಿಯಾದ ಡಿಜೆ, ಹಿಂದೆಂದೂ ಕೇಳದ ತಟ್ಟೆಯಲ್ಲಿಯೂ ಬ್ರೇಕ್ ಎಲ್ಲಿದೆಯೆಂಬುದನ್ನು ಕಣ್ಣಿನಿಂದಲೇ ಓದಿ ಹೇಳಬಲ್ಲನು.

ಸುರುಳಿಗೆರೆಯ ಗಣಿತವೇ ಡಿಜೆಯ ತಟ್ಟೆಯ ಗಾತ್ರವನ್ನು ನಿರ್ಣಯಿಸಿತು. ಮಂದ್ರಸ್ಥಾಯಿಯ ನಾದ ಗೆರೆಯನ್ನು ಅಗಲವಾಗಿ ಓಲಾಡಿಸುತ್ತದೆ. ನಾದ ಗಟ್ಟಿಯಾದಷ್ಟೂ ಗೆರೆಗಳ ನಡುವೆ ಹೆಚ್ಚು ಸ್ಥಳ ಬೇಕು, ಸ್ಥಳ ಹೆಚ್ಚು ಹಿಡಿದರೆ ಅವಧಿ ಕಡಿಮೆಯಾಗುತ್ತದೆ. ಸುಮಾರು ಇಪ್ಪತ್ತು ನಿಮಿಷಗಳ ಹಾಡುಗಳನ್ನು ಒಂದು ಮುಖದಲ್ಲಿ ತುರುಕಿದ ದೀರ್ಘಾವಧಿಯ ತಟ್ಟೆ ನೃತ್ಯಗೃಹದಲ್ಲಿ ಸೊರಗಿದಂತೆ ಕೇಳಿಸುವುದಕ್ಕೆ ಇದೇ ಕಾರಣ. 1970ರ ದಶಕದ ನಡುವೆ, ಹಾಡುಗಳನ್ನು ನೃತ್ಯಕ್ಕೆ ಒಪ್ಪುವಂತೆ ಮರುಜೋಡಿಸುತ್ತಿದ್ದ ಟಾಮ್ ಮೋಲ್ಟನ್, ಕಿರುತಟ್ಟೆಯ ಖಾಲಿ ಫಲಕ ಮುಗಿದುಹೋಗಿದ್ದ ಒಂದು ದಿನ, ಒಂದೇ ಹಾಡನ್ನು ದೊಡ್ಡ ಫಲಕದ ಮೇಲೆ ಕೊರೆಯಿಸಿದಾಗ ಅದರ ಗಾಂಭೀರ್ಯಕ್ಕೆ ಬೆರಗಾದನೆಂದು ಹೇಳುತ್ತಾರೆ. 1976ರಲ್ಲಿ ಸಾಲ್‌ಸೋಲ್ ಸಂಸ್ಥೆ ಡಿಜೆ ವಾಲ್ಟರ್ ಗಿಬನ್ಸನು ಮರುಜೋಡಿಸಿಕೊಟ್ಟ ‘ಟೆನ್ ಪರ್ಸೆಂಟ್’ ಎಂಬ ಹಾಡನ್ನು ಹನ್ನೆರಡು ಅಂಗುಲದ ತಟ್ಟೆಯಲ್ಲಿ ಸಾರ್ವಜನಿಕ ಮಾರಾಟಕ್ಕೆ ಇಟ್ಟಿತು. ಅಂದಿನಿಂದ ಒಂದು ಮುಖಕ್ಕೆ ಒಂದು ಹಾಡು, ಆದಿಯಲ್ಲಿಯೂ ಅಂತ್ಯದಲ್ಲಿಯೂ ಹೆಣೆಯುವುದಕ್ಕೆ ಅನುಕೂಲವಾದ ಬರಿಯ ತಾಳದ ಪೀಠಿಕೆ ಎಂಬ ವಿನ್ಯಾಸ ನೆಲೆಗೊಂಡಿತು. ತಟ್ಟೆಯೇ ಮಾಯವಾದ ಮೇಲೂ ನೃತ್ಯಸಂಗೀತದ ಕಡತಗಳು ಆ ವಿನ್ಯಾಸವನ್ನು ಉಳಿಸಿಕೊಂಡಿವೆ.

ತಟ್ಟೆಗೆ ಒಪ್ಪುವ ಯಂತ್ರ ಬಂದದ್ದು ಜಪಾನಿನಿಂದ. ಮಾತ್ಸುಶಿತಾ ಸಂಸ್ಥೆ ಟೆಕ್ನಿಕ್ಸ್ ಎಂಬ ಹೆಸರಿನಲ್ಲಿ 1972ರಲ್ಲಿ ಹೊರತಂದ ಎಸ್‌ಎಲ್-1200 ಮನೆಯಲ್ಲಿ ಕುಳಿತು ಕೇಳುವವರಿಗಾಗಿ ತಯಾರಾದದ್ದು. ರಬ್ಬರ್ ಪಟ್ಟಿಯಿಲ್ಲದೆ ಮೋಟಾರೇ ಪೀಠವನ್ನು ನೇರವಾಗಿ ತಿರುಗಿಸುತ್ತಿದ್ದುದರಿಂದ, ಬೆರಳಿನಿಂದ ತಡೆದರೂ ಬಿಟ್ಟೊಡನೆ ವೇಗ ಹಿಡಿಯುವ ಅದರ ಬಲವನ್ನು ಡಿಜೆಗಳು ತಾವಾಗಿಯೇ ಕಂಡುಕೊಂಡರು. 1979ರ ಎರಡನೆಯ ಆವೃತ್ತಿಯಲ್ಲಿ ವೇಗವನ್ನು ನೂರಕ್ಕೆ ಎಂಟರಷ್ಟು ಏರಿಸುವ, ಅಷ್ಟೇ ಇಳಿಸುವ ಜಾರುಗುಂಡಿ ಬಂದಿತು. ನಿಮಿಷಕ್ಕೆ 120 ಪೆಟ್ಟುಗಳ ಹಾಡನ್ನು ಅದರಿಂದ ಸುಮಾರು 110ಕ್ಕೆ ಇಳಿಸಬಹುದು, 129ರ ಮೇಲಕ್ಕೂ ಏರಿಸಬಹುದು. ಮೂರು ದಶಕಗಳ ಕಾಲ ಜಗತ್ತಿನ ಯಾವ ಊರಿನ ನೃತ್ಯಗೃಹಕ್ಕೆ ಹೋದರೂ ಈ ಯಂತ್ರದ ಜೋಡಿಯೇ ಎದುರಾಗುತ್ತಿದ್ದುದರಿಂದ, ಡಿಜೆ ತನ್ನ ವಾದ್ಯವನ್ನು ಹೊತ್ತು ತಿರುಗದೆ ತಟ್ಟೆಗಳನ್ನಷ್ಟೇ ಒಯ್ದರೆ ಸಾಕಾಗುತ್ತಿತ್ತು.

ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳ ಸಿಡಿ 1982ರಲ್ಲಿ ಮಾರುಕಟ್ಟೆಗೆ ಬಂದರೂ ಡಿಜೆಗಳು ಬಹುಕಾಲ ಅದರತ್ತ ತಿರುಗಿ ನೋಡಲಿಲ್ಲ. ಹಾಡಿನ ಮೇಲೆ ಕೈಯಿಡಲು ಅದರಲ್ಲಿ ಆಸ್ಪದವಿರಲಿಲ್ಲ. ಪಯನೀರ್ ಸಂಸ್ಥೆ 2001ರಲ್ಲಿ ತಂದ ಸಿಡಿಜೆ-1000 ಯಂತ್ರದ ಮೇಲ್ಭಾಗದಲ್ಲಿ ತಟ್ಟೆಯಂತೆಯೇ ತಿರುಗಿಸಬಹುದಾದ ಚಕ್ರವಿತ್ತು. ಅಲ್ಲಿಂದ ಗಾಳಿ ಬದಲಾಯಿತು. 2009ರ ಸಿಡಿಜೆ-2000 ಪೆನ್‌ಡ್ರೈವಿನಿಂದಲೇ ಹಾಡನ್ನು ಓದುವಂತಾದ ಮೇಲೆ ಸಿಡಿಯೂ ಅನಾವಶ್ಯಕವಾಯಿತು. ಇತ್ತ ಜರ್ಮನಿಯ ಫ್ರಾನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳ ಪರಿಶ್ರಮದಿಂದ ರೂಪುಗೊಂಡು 1995ರಲ್ಲಿ ಎಂಪಿ3 ಎಂಬ ಹೆಸರು ಪಡೆದ ಸಂಕೋಚನವಿಧಾನ ಹಾಡಿನ ಗಾತ್ರವನ್ನು ಹತ್ತರಲ್ಲೊಂದು ಭಾಗಕ್ಕೆ ಇಳಿಸಿತ್ತು. 2004ರಲ್ಲಿ ಅಮೆರಿಕದ ಡೆನ್ವರಿನಲ್ಲಿ ಆರಂಭವಾದ ಬೀಟ್‌ಪೋರ್ಟ್, ನೃತ್ಯಸಂಗೀತವನ್ನು ಕಡತರೂಪದಲ್ಲಿ ಮಾರುವ ಮುಖ್ಯ ಅಂಗಡಿಯಾಯಿತು.

ಈ ಸಂಧಿಕಾಲದ ಒಂದು ಉಪಾಯ ಇಡೀ ವಿವಾದದ ಮೇಲೆ ಬೆಳಕು ಚೆಲ್ಲುವುದರಿಂದ ಅದನ್ನು ವಿವರವಾಗಿ ಹೇಳುವುದು ಯುಕ್ತ. ಹೊಸ ಸಹಸ್ರಮಾನದ ಆರಂಭದಲ್ಲಿ ಆಮ್‌ಸ್ಟರ್‌ಡ್ಯಾಮಿನ ತಂತ್ರಜ್ಞರು ಫೈನಲ್ ಸ್ಕ್ರ್ಯಾಚ್ ಎಂಬ ವ್ಯವಸ್ಥೆಯನ್ನು ರಚಿಸಿದರು. ರಿಚಿ ಹಾಟಿನ್, ಜಾನ್ ಅಕ್ವಾವಿವಾ ಎಂಬ ಖ್ಯಾತ ಡಿಜೆಗಳು ಅದನ್ನು ಬಳಸಿ ಪ್ರಚಾರಕ್ಕೆ ತಂದರು. ನ್ಯೂಜಿಲೆಂಡಿನ ಸೆರಾಟೊ ಸಂಸ್ಥೆಯ ಇಂಥದೇ ವ್ಯವಸ್ಥೆ 2004ರಲ್ಲಿ ಬಂದಿತು. ಇದರಲ್ಲಿ ವಿನೈಲ್ ತಟ್ಟೆಯಿರುತ್ತದೆ, ಆದರೆ ತಟ್ಟೆಯಲ್ಲಿ ಹಾಡಿರುವುದಿಲ್ಲ. ಕಿವಿಗೆ ಕರ್ಕಶವಾದ ಒಂದು ಸಮಯಸಂಕೇತ ಮಾತ್ರ ಕೊರೆದಿರುತ್ತದೆ. ಮುಳ್ಳು ಆ ಸಂಕೇತವನ್ನು ಓದುತ್ತದೆ. ತಟ್ಟೆ ಎಷ್ಟು ವೇಗದಲ್ಲಿ, ಯಾವ ದಿಕ್ಕಿನಲ್ಲಿ, ಯಾವ ಸ್ಥಳದಲ್ಲಿ ತಿರುಗುತ್ತಿದೆಯೆಂಬುದನ್ನು ಕಂಪ್ಯೂಟರು ಅದರಿಂದ ಅರಿತು, ತನ್ನೊಳಗಿನ ಹಾಡನ್ನು ಅದೇ ರೀತಿ ನಡೆಸುತ್ತದೆ. ಅಂಚು ಒತ್ತಿದರೆ ಹಾಡು ನಿಲ್ಲುತ್ತದೆ, ಉಜ್ಜಿದರೆ ಹಾಡು ಉಜ್ಜುತ್ತದೆ. ತಮಗೆ ಬೇಕಾದುದು ವಿನೈಲಿನ ನಾದವೆಂದು ಆಣೆಯಿಟ್ಟು ಹೇಳುತ್ತಿದ್ದ ಅನೇಕರು ಈ ಯಂತ್ರ ಬಂದೊಡನೆ ಕಡತಗಳಿಗೆ ಹೊರಳಿಕೊಂಡರು. ಅವರು ಪ್ರೀತಿಸಿದ್ದು ತಟ್ಟೆಯ ಧ್ವನಿಯನ್ನಲ್ಲ, ಬೆರಳಿಗೆ ಸಿಕ್ಕುತ್ತಿದ್ದ ಅದರ ಹಿಡಿತವನ್ನು ಎಂಬುದಕ್ಕೆ ಇದಕ್ಕಿಂತ ಪ್ರಬಲವಾದ ಪ್ರಮಾಣ ದೊರೆಯಲಾರದು.

ಇನ್ನು ಧ್ವನಿಯ ವಿಚಾರ. ಅತಿ ಮೆಲ್ಲಗಿನ ನಾದಕ್ಕೂ ಅತಿ ಗಟ್ಟಿಯಾದ ನಾದಕ್ಕೂ ನಡುವಣ ಅಂತರವನ್ನು ಸಿಡಿ ಸುಮಾರು 96 ಡೆಸಿಬೆಲ್‌ಗಳವರೆಗೆ ಹಿಡಿಯಬಲ್ಲುದು. ವಿನೈಲಿನಲ್ಲಿ ಅದು ಸಾಮಾನ್ಯವಾಗಿ 70ರ ಒಳಗೆ. ತಟ್ಟೆಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹರಿದರೆ, ಒಳ ಅಂಚಿಗೆ ಬರುವಷ್ಟರಲ್ಲಿ ಅದು 21ಕ್ಕೆ ಇಳಿದಿರುತ್ತದೆ. ಆದುದರಿಂದ ಮುಖದ ಕೊನೆಯ ಹಾಡಿನಲ್ಲಿ ತಾರಸ್ಥಾಯಿಯ ಸ್ಫುಟತೆ ಕುಂದುವುದು ಅನಿವಾರ್ಯ. ಪ್ರತಿಸಲ ನುಡಿಸಿದಾಗಲೂ ಗೆರೆ ತುಸುವಾದರೂ ಸವೆಯುತ್ತದೆ. ಭಾರಿ ಧ್ವನಿವರ್ಧಕಗಳ ನಡುಕ ನೆಲದ ಮೂಲಕ ಮುಳ್ಳಿಗೆ ತಲುಪಿ ಗುಂಯ್‌ಗುಟ್ಟುವುದು ತಟ್ಟೆಯ ಇನ್ನೊಂದು ವ್ಯಾಧಿ. ಹೀಗಿದ್ದೂ ವಿನೈಲಿನ ನಾದ ಬೆಚ್ಚಗಿದೆ, ತುಂಬಿಕೊಂಡಿದೆ ಎಂಬ ಅನುಭವ ಸುಳ್ಳಲ್ಲ. ಅತಿಯಾಗಿ ಗಟ್ಟಿಮಾಡಿದ ನಾದವನ್ನು ಗೆರೆ ಸಹಿಸದಾದುದರಿಂದ ತಟ್ಟೆ ಕೊರೆಯುವ ತಂತ್ರಜ್ಞನು ಸಂಯಮದಿಂದ ವರ್ತಿಸಲೇಬೇಕು; ಕಡತಕ್ಕೆ ಅಂಥ ಕಡಿವಾಣವಿಲ್ಲದುದರಿಂದ ಅನೇಕ ನಿರ್ಮಾಪಕರು ನಾದವನ್ನು ಹಿಂಡಿ ಏಕಮಟ್ಟಕ್ಕೆ ತಂದು ಉಸಿರುಗಟ್ಟಿಸುವರು. ಹೀಗಾಗಿ ಕಿವಿ ಮೆಚ್ಚಿದ್ದು ಬಹುಮಟ್ಟಿಗೆ ತಂತ್ರಜ್ಞನ ವಿವೇಕವನ್ನು. ಇಂದು ಕೊರೆಯುವ ತಟ್ಟೆಗಳಲ್ಲಿ ಹೆಚ್ಚಿನವುಗಳ ಮೂಲವೂ ಡಿಜಿಟಲ್ ಕಡತವೇ ಆಗಿರುವುದನ್ನು ಮರೆಯಬಾರದು. ಡಿಜಿಟಲ್ ಪಕ್ಷದವರ ದೋಷವೂ ಚಿಕ್ಕದಲ್ಲ: ಎಲ್ಲಿಂದಲೋ ಇಳಿಸಿಕೊಂಡ, ಸೆಕೆಂಡಿಗೆ 128 ಕಿಲೋಬಿಟ್ಟಿನ ಕೃಶವಾದ ಎಂಪಿ3ಯನ್ನು ದೊಡ್ಡ ಧ್ವನಿವರ್ಧಕಗಳಲ್ಲಿ ಮೊಳಗಿಸಿದರೆ ತಾಳದ ಕಿಂಕಿಣಿ ಮರಳು ಸುರಿದಂತೆ ಕೇಳುತ್ತದೆ. 320 ಕಿಲೋಬಿಟ್ಟಿನದಾದರೆ ನೃತ್ಯಗೃಹದಲ್ಲಿ ಭೇದ ಕಾಣುವುದು ಕಷ್ಟ. ವೇವ್, ಫ್ಲ್ಯಾಕ್ ರೂಪಗಳಲ್ಲಿ ಸಂಕೋಚನದ ನಷ್ಟವೇ ಇಲ್ಲ.

ನಮ್ಮ ಸಂಗೀತಪರಿಭಾಷೆಯಲ್ಲಿ ಹೇಳುವುದಾದರೆ, ತಟ್ಟೆಯಲ್ಲಿ ಶ್ರುತಿ ಮತ್ತು ಕಾಲಪ್ರಮಾಣ ಒಂದಕ್ಕೊಂದು ಬೆಸೆದುಕೊಂಡಿವೆ. ಕಾಲಪ್ರಮಾಣವನ್ನು ನೂರಕ್ಕೆ ಆರರಷ್ಟು ಏರಿಸಿದರೆ ಶ್ರುತಿಯೂ ಒಂದು ಸ್ವರಸ್ಥಾನದಷ್ಟು ಮೇಲೇರುತ್ತದೆ, ಗಾಯಕಿಯ ಕಂಠ ಎಳೆಯದಾಗುತ್ತದೆ. ಡಿಜಿಟಲ್ ಯಂತ್ರ ಇವೆರಡನ್ನೂ ಬೇರ್ಪಡಿಸಿತು. ಶ್ರುತಿ ಕದಲದಂತೆ ವೇಗವನ್ನು ಬದಲಿಸಬಹುದು, ಎರಡು ಹಾಡುಗಳ ತಾಳವನ್ನು ಯಂತ್ರವೇ ಕೂಡಿಸುವಂತೆ ಸಿಂಕ್ ಗುಂಡಿಯನ್ನೂ ಒತ್ತಬಹುದು. ಈ ಗುಂಡಿಯಿಂದ ಕಲೆ ಕೆಟ್ಟಿತೆಂದು ಹಳಬರು ವ್ಯಥೆಪಡುವುದುಂಟು. ತಾಳ ಕೂಡಿಸುವ ಕೆಲಸ ವಿದ್ಯೆಯ ಮೊದಲ ಮೆಟ್ಟಿಲೇ ಹೊರತು ಅದರ ಶಿಖರವಲ್ಲ; ಆದರೆ ಕಿವಿಯಿಂದಲೇ ಕೂಡಿಸಲು ವರ್ಷಗಟ್ಟಲೆ ಹೆಣಗಿದವನು ಎರಡು ಹಾಡುಗಳನ್ನು ಒಟ್ಟಿಗೆ ಆಲಿಸುವ ಶಕ್ತಿಯನ್ನು ಪಡೆದಿರುತ್ತಾನೆ. ಆ ಶಕ್ತಿ ಗುಂಡಿಯಿಂದ ದೊರೆಯುವಂಥದಲ್ಲ.

ತೂಕವಾದ ಪ್ರಶ್ನೆ ಸಂಗ್ರಹದ್ದು. ನೂರು ತಟ್ಟೆಗಳ ಪೆಟ್ಟಿಗೆ ಸುಮಾರು 20 ಕಿಲೋಗ್ರಾಂ ತೂಗುತ್ತದೆ. 64 ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ, ಒಂದಿಷ್ಟೂ ಸಂಕೋಚಿಸದ ಏಳು ನಿಮಿಷಗಳ ಹಾಡುಗಳು ಎಂಟುನೂರಕ್ಕೂ ಮಿಕ್ಕಿ ಹಿಡಿಯುತ್ತವೆ. ವಿಮಾನದಲ್ಲಿ ಊರಿಂದೂರಿಗೆ ಹಾರುವ ಡಿಜೆ ಯಾವುದನ್ನು ಆರಿಸಿಕೊಳ್ಳುವನೆಂದು ಹೇಳಬೇಕಾಗಿಲ್ಲ. ತಟ್ಟೆಗೆ ಹಣವೂ ಹೆಚ್ಚು. ಭಾರತದಲ್ಲಿರುವವನಿಗಂತೂ ವಿದೇಶದ ಬೆಲೆಯ ಮೇಲೆ ಸಾಗಣೆ ಮತ್ತು ಸುಂಕ. ಹಾಗಿದ್ದರೂ ಹೊರೆಯೇ ಒಂದು ಶಿಕ್ಷಣವಾಯಿತೆಂಬುದನ್ನು ಅಲ್ಲಗಳೆಯಲಾಗದು. ಒಂದು ರಾತ್ರಿಗೆ ಎಂಬತ್ತು ತಟ್ಟೆಗಳನ್ನಷ್ಟೇ ಒಯ್ಯಬಹುದೆಂದಾಗ, ಯಾವ ಎಂಬತ್ತು ಎಂದು ಮನೆಯಲ್ಲೇ ನಿಂತು ತೀರ್ಮಾನಿಸಬೇಕು. ಒಯ್ದ ಪ್ರತಿಯೊಂದನ್ನೂ ಲಕೋಟೆಯ ಹರಿದ ಮೂಲೆಯಿಂದ, ಲೇಬಲ್ಲಿನ ಬಣ್ಣದಿಂದ ಕತ್ತಲಲ್ಲಿಯೂ ಗುರುತಿಸುವಷ್ಟು ಬಲ್ಲವನಾಗಿರಬೇಕು. ಹತ್ತು ಸಾವಿರ ಕಡತಗಳ ಒಡೆಯನು ಪೆಟ್ಟುಗಳ ಸಂಖ್ಯೆಯನ್ನೂ ಶ್ರುತಿಯ ಹೆಸರನ್ನೂ ಆಧರಿಸಿ ಪರದೆಯಲ್ಲಿ ಹುಡುಕುತ್ತಾನೆ. ಅವನಿಗೆ ಹಾಡುಗಳು ದೊರೆಯುತ್ತವೆ, ನೆನಪಾಗುವುದಿಲ್ಲ. ತನ್ನ ಸಂಗ್ರಹವನ್ನು ತಾನೇ ಕೇಳಿ ಜರಡಿ ಹಿಡಿದು ಪುಟ್ಟದಾಗಿಟ್ಟುಕೊಂಡ ಡಿಜಿಟಲ್ ಡಿಜೆ ಈ ದೋಷಕ್ಕೆ ಹೊರತು. ಅಂಥವನಿಗೂ ತಟ್ಟೆಯವನಿಗೂ ನಡುವೆ ಅಂತರ ಅತ್ಯಲ್ಪ.

ಬಿಡುಗಡೆಯಾಗದ ಹಾಡನ್ನು ತಾನೊಬ್ಬನೇ ನುಡಿಸಬೇಕೆಂಬ ಆಸೆಯಿಂದ ಜಮೈಕಾದಲ್ಲಿ ಹುಟ್ಟಿದ ಡಬ್‌ಪ್ಲೇಟ್ ಎಂಬ ಏಕಪ್ರತಿಯ ತಟ್ಟೆ ಲಂಡನ್ನಿನ ಜಂಗಲ್, ಡಬ್‌ಸ್ಟೆಪ್ ಸಂಗೀತಗಳವರೆಗೆ ಬಾಳಿತು. ಅಲ್ಯೂಮಿನಿಯಮ್ ಹಾಳೆಗೆ ಮೃದುವಾದ ಮೆರುಗೆಣ್ಣೆ ಲೇಪಿಸಿ ಕೊರೆದ ಅದು ಹತ್ತಾರು ಸಲ ನುಡಿಸಿದರೆ ಸವೆದುಹೋಗುತ್ತದೆ. ಅದರ ಕೆಲಸವನ್ನು ಈಗ ಮಿಂಚಂಚೆಯಲ್ಲಿ ಬರುವ ಕಡತ ನಿರ್ವಹಿಸುತ್ತದೆ.

ಟೆಕ್ನಿಕ್ಸ್ 2010ರಲ್ಲಿ ಎಸ್‌ಎಲ್-1200ರ ತಯಾರಿಕೆಯನ್ನು ನಿಲ್ಲಿಸಿದಾಗ ತಟ್ಟೆಯ ಯುಗ ಮುಗಿಯಿತೆಂದು ಹಲವರು ಭಾವಿಸಿದರು. 2016ರಲ್ಲಿ ಆ ಯಂತ್ರ ಮರಳಿ ಬಂದಿತು, 2019ರಲ್ಲಿ ಡಿಜೆಗಳಿಗೆಂದೇ ಏಳನೆಯ ಆವೃತ್ತಿಯೂ ಹೊರಟಿತು. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ವಿನೈಲ್ ತಟ್ಟೆಗಳು ಮಾರಾಟವಾಗಿ, 1987ರ ಬಳಿಕ ಮೊದಲ ಸಲ ಸಿಡಿಯ ಸಂಖ್ಯೆಯನ್ನು ಮೀರಿದುವು. ಆದರೆ ಈ ಪುನರುಜ್ಜೀವನವನ್ನು ಡಿಜೆಯ ವಿಜಯವೆಂದು ಎಣಿಸುವುದು ಅವಿಚಾರ. ಮಾರಾಟವಾದುವು ಹೆಚ್ಚಾಗಿ ಜನಪ್ರಿಯ ಗಾಯಕರ ದೀರ್ಘಾವಧಿಯ ತಟ್ಟೆಗಳು. ಅವುಗಳ ಬೃಹತ್ ಬೇಡಿಕೆಯಿಂದ ಅಚ್ಚುಯಂತ್ರಗಳೆಲ್ಲ ತುಂಬಿಹೋಗಿ, ಮುನ್ನೂರು ಐನೂರು ಪ್ರತಿಗಳನ್ನು ತೆಗೆಸುವ ಸಣ್ಣ ನೃತ್ಯಸಂಗೀತ ಪ್ರಕಾಶಕರು ತಿಂಗಳುಗಟ್ಟಲೆ ಕಾಯಬೇಕಾಯಿತು. 2020ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಊರಿನ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಬೆಂಕಿಗೆ ಆಹುತಿಯಾದಾಗ, ಮೂಲಪ್ರತಿ ಕೊರೆಯುವುದಕ್ಕೆ ಬೇಕಾದ ಮೆರುಗುಫಲಕಗಳನ್ನು ತಯಾರಿಸುವ ದೊಡ್ಡ ಸಂಸ್ಥೆಯೆಂದರೆ ಜಪಾನಿನದೊಂದೇ ಉಳಿಯಿತು.

ತಟ್ಟೆಯ ಪರವಾಗಿ ಕೊನೆಗೂ ಅಳಿಯದೆ ನಿಲ್ಲುವ ವಾದವೆಂದರೆ, ಎಷ್ಟೋ ಸಂಗೀತ ತಟ್ಟೆಯಲ್ಲಿ ಮಾತ್ರ ಇದೆಯೆಂಬುದು. ಮುಂಬಯಿಯ ಚಲನಚಿತ್ರ ವಾದ್ಯಗೋಷ್ಠಿಗಳಲ್ಲಿ ದುಡಿದ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲೆಂಡ್ ಸಂಸ್ಥೆಯ ಮೂರು ವಿದ್ಯುನ್ಮಾನ ವಾದ್ಯಗಳನ್ನು ಜೋಡಿಸಿ, ಯಮನ್, ಮಾಲ್‌ಕೌಂಸ್, ನಮ್ಮ ಮೋಹನಕ್ಕೆ ಸಮಾನವಾದ ಭೂಪಾಲಿ ಮೊದಲಾದ ಹತ್ತು ರಾಗಗಳನ್ನು ಡಿಸ್ಕೊ ತಾಳದ ಮೇಲೆ ನುಡಿಸಿ ಒಂದು ದೀರ್ಘಾವಧಿಯ ತಟ್ಟೆಯನ್ನು ತಂದನು. ಅದು ಮಾರಾಟವಾಗಲಿಲ್ಲ, ಜನ ಮರೆತರು. ಇಪ್ಪತ್ತು ವರ್ಷಗಳ ಮೇಲೆ ಡಚ್ ಸಂಗ್ರಾಹಕ ಎಡೊ ಬೌಮನ್ ದೆಹಲಿಯ ಅಂಗಡಿಯೊಂದರಲ್ಲಿ ಅದರ ಪ್ರತಿಯನ್ನು ಕಂಡು, 2010ರಲ್ಲಿ ಮರುಮುದ್ರಿಸಿದಾಗ, ಷಿಕಾಗೊ ನಗರದ ಆ್ಯಸಿಡ್ ಹೌಸ್ ಸಂಗೀತವನ್ನು ಅದು ಐದು ವರ್ಷ ಮೊದಲೇ ಹೋಲುತ್ತಿದ್ದುದನ್ನು ಕೇಳಿ ಜಗತ್ತಿನ ಡಿಜೆಗಳು ವಿಸ್ಮಿತರಾದರು. ವೃದ್ಧಾಪ್ಯದಲ್ಲಿ ಯುರೋಪಿನ ವೇದಿಕೆಗಳಲ್ಲಿ ಅದನ್ನು ನುಡಿಸುವ ಭಾಗ್ಯ ಆ ಕಲಾವಿದನಿಗೆ ಲಭಿಸಿತು. ಆ ಒಂದು ಪ್ರತಿಯನ್ನು ಯಾರಾದರೂ ಗುಜರಿಗೆ ಹಾಕಿದ್ದರೆ ಇದಾವುದೂ ನಡೆಯುತ್ತಿರಲಿಲ್ಲ. ಕನ್ನಡದ ನಾಟಕಪದಗಳೂ ಭಾವಗೀತೆಗಳೂ ಚಲನಚಿತ್ರಗೀತೆಗಳೂ ಕೊರೆದಿರುವ ಹಳೆಯ ತಟ್ಟೆಗಳು ನಮ್ಮ ಊರುಗಳ ಅಟ್ಟಗಳ ಮೇಲೆ ಇನ್ನೂ ಇವೆ. ಅವನ್ನು ಉಳ್ಳವರು ಒಂದರ ಮೇಲೊಂದು ಪೇರಿಸದೆ, ಬಿಸಿಲು ತಾಗದ ಒಣಸ್ಥಳದಲ್ಲಿ ಪುಸ್ತಕಗಳಂತೆ ನೆಟ್ಟಗೆ ನಿಲ್ಲಿಸಿಡಬೇಕು. ತಿಳಿದವರಿಂದ ಒಮ್ಮೆ ತೊಳೆಯಿಸಿ, ನಷ್ಟವಿಲ್ಲದ ಡಿಜಿಟಲ್ ರೂಪದಲ್ಲಿ ಪ್ರತಿ ತೆಗೆಸಿದ ಮೇಲೆಯೂ ಮೂಲದ ತಟ್ಟೆಯನ್ನು ಬಿಸಾಡಬಾರದು.